ವಾಪಸ್ ಬಂದ ವೈದ್ಯಕೀಯ ಸಾಧನಗಳ ದೋಷ ತನಿಖೆ

ಆಸ್ಪತ್ರೆ, ಔಷಧ ಅಂಗಡಿ ಅಥವಾ ರೋಗಿಯ ಮನೆಯಿಂದ ದೂರಿನೊಂದಿಗೆ ತಯಾರಕರಿಗೆ ಹಿಂತಿರುಗಿದ ವೈದ್ಯಕೀಯ ಸಾಧನವನ್ನು ಪರೀಕ್ಷಿಸಿ, ಅದರಲ್ಲಿ ದೋಷವಿದೆಯೇ, ಇದ್ದರೆ ಕಾರಣವೇನು, ಅದೇ ಬಗೆಯ ಇತರ ಸಾಧನಗಳಲ್ಲೂ ಆ ದೋಷ ಇರಬಹುದೇ ಎಂಬುದನ್ನು ಗೊತ್ತುಮಾಡುವ ಕೆಲಸಕ್ಕೆ ದೋಷ ತನಿಖೆ ಎಂದು ಹೆಸರು. ಈ ಕೆಲಸದ ಮೊದಲ ಮೆಟ್ಟಿಲಲ್ಲಿ ಇರುವವರು ಐಟಿಐ, ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ ಹೊಸದಾಗಿ ಸೇರಿದ ತಂತ್ರಜ್ಞರು. ಪಾರ್ಸೆಲ್ ಬಿಚ್ಚುವುದು, ಶುದ್ಧಗೊಳಿಸುವುದು, ಫೋಟೊ ತೆಗೆಯುವುದು, ಬೆಂಚಿನ ಮೇಲೆ ಪರೀಕ್ಷಿಸುವುದು, ಕಂಡದ್ದನ್ನು ದಾಖಲಿಸುವುದು ಇವರ ಪಾಲಿಗೆ ಬರುತ್ತದೆ. ಗದಗ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯಂಥ ಊರುಗಳಲ್ಲಿ ಸಾಧನ ಕೆಡುತ್ತದೆ. ಅದನ್ನು ಬಿಚ್ಚಿ ನೋಡುವ ಬೆಂಚು ಸಾಮಾನ್ಯವಾಗಿ ಬೆಂಗಳೂರು, ಮೈಸೂರು ಅಥವಾ ಹೊರ ರಾಜ್ಯದಲ್ಲಿರುತ್ತದೆ. ಈ ಅಂತರವೇ ತನಿಖೆಯ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ವ್ಯಾಪ್ತಿ

ಕಾನೂನಿನ ಪ್ರಕಾರ ವೈದ್ಯಕೀಯ ಸಾಧನವೆಂದರೆ ಯಂತ್ರ ಮಾತ್ರವಲ್ಲ. ಹತ್ತಿ, ಬ್ಯಾಂಡೇಜು, ಸಿರಿಂಜು, ಸಕ್ಕರೆ ಪರೀಕ್ಷೆಯ ಪಟ್ಟಿ, ಮೂಳೆಗೆ ಕೂರಿಸುವ ಪ್ಲೇಟು, ವೆಂಟಿಲೇಟರು, ರೋಗನಿರ್ಣಯಕ್ಕೆ ಬಳಸುವ ಸಾಫ್ಟ್‌ವೇರ್ ಎಲ್ಲವೂ ಅದರಲ್ಲಿ ಸೇರುತ್ತವೆ. ಅಪಾಯದ ಪ್ರಮಾಣಕ್ಕೆ ಅನುಸಾರವಾಗಿ ಭಾರತದಲ್ಲಿ ಇವುಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಸೂಜಿ ಮತ್ತು ಸಕ್ಷನ್ ಯಂತ್ರ ಬಿ ವರ್ಗದಲ್ಲಿ, ವೆಂಟಿಲೇಟರ್ ಸಿ ವರ್ಗದಲ್ಲಿ, ಹೃದಯದ ಕೃತಕ ಕವಾಟ ಡಿ ವರ್ಗದಲ್ಲಿ ಬರುತ್ತವೆ.

ದೋಷ ತನಿಖೆ ರಿಪೇರಿಯಿಂದ ಬೇರೆಯಾದುದು. ಯಂತ್ರ ಮತ್ತೆ ಓಡಿದರೆ ರಿಪೇರಿ ಮುಗಿಯಿತು. ತನಿಖೆಯಲ್ಲಿ ಯಂತ್ರ ಓಡಲಿ ಬಿಡಲಿ, ಕಾರಣ ತಿಳಿಯುವವರೆಗೆ ಕಡತ ತೆರೆದೇ ಇರುತ್ತದೆ. ಈ ಎರಡು ಕೆಲಸಗಳ ನಡುವೆ ಹಿತಾಸಕ್ತಿಯ ಘರ್ಷಣೆಯೂ ಉಂಟು: ಆಸ್ಪತ್ರೆಗೆ ಬೇಕಾದುದು ನಾಳೆ ಬೆಳಗ್ಗೆ ಓಡುವ ಯಂತ್ರ. ಅದಕ್ಕಾಗಿ ಸ್ಥಳದಲ್ಲೇ ಫ್ಯೂಸ್ ಬದಲಿಸಿ, ಬೋರ್ಡಿಗೆ ಸೋಲ್ಡರ್ ಹಚ್ಚಿದರೆ ತನಿಖೆಗೆ ಬೇಕಾದ ಸಾಕ್ಷ್ಯ ಅಲ್ಲಿಗೇ ಅಳಿಯುತ್ತದೆ.

ಹಿನ್ನೆಲೆ

ಈ ಕೆಲಸ ಪ್ರತ್ಯೇಕ ಉದ್ಯೋಗವಾದದ್ದು ಕಾನೂನಿನ ಒತ್ತಡದಿಂದ. ಡಾಲ್ಕನ್ ಶೀಲ್ಡ್ ಎಂಬ ಗರ್ಭನಿರೋಧಕ ಸಾಧನದಿಂದ ಅನೇಕ ಮಹಿಳೆಯರಿಗೆ ಹಾನಿಯಾದ ಬಳಿಕ ಅಮೆರಿಕ 1976ರಲ್ಲಿ ವೈದ್ಯಕೀಯ ಸಾಧನಗಳ ಕಾನೂನನ್ನು ಬಿಗಿಗೊಳಿಸಿತು. ಅಲ್ಲಿನ 1990ರ ಕಾನೂನು ಸಾಧನಗಳಿಂದಾದ ಹಾನಿಯ ಬಗ್ಗೆ ಆಸ್ಪತ್ರೆಗಳೂ ವರದಿ ಕೊಡಬೇಕೆಂದು ವಿಧಿಸಿತು. ಸಾಧನ ತಯಾರಕರ ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485 ಎಂಬ ಅಂತರರಾಷ್ಟ್ರೀಯ ಮಾನಕ 1996ರಲ್ಲಿ ಬಂದಿತು. ಈಗ ಜಾರಿಯಲ್ಲಿರುವ 2016ರ ಆವೃತ್ತಿಯಲ್ಲಿ ದೂರುಗಳ ನಿರ್ವಹಣೆಗೇ ಒಂದು ಪ್ರತ್ಯೇಕ ಉಪವಿಧಿ ಇದೆ. ದೂರನ್ನು ತನಿಖೆ ಮಾಡದೆ ಬಿಟ್ಟರೆ, ಬಿಟ್ಟದ್ದು ಏಕೆ ಎಂಬುದನ್ನೂ ಬರೆದಿಡಬೇಕು ಎಂದು ಅದು ಹೇಳುತ್ತದೆ.

ಭಾರತದಲ್ಲಿ ಬಹುಕಾಲ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿ ಕೆಲವೇ ಸಾಧನಗಳು ನಿಯಂತ್ರಣಕ್ಕೆ ಒಳಪಟ್ಟಿದ್ದವು. 2005ರಲ್ಲಿ ಹೃದಯದ ಸ್ಟೆಂಟ್, ಮೂಳೆಯ ಇಂಪ್ಲಾಂಟ್ ಮೊದಲಾದವು ಆ ಪಟ್ಟಿಗೆ ಸೇರಿದವು. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡ ಪ್ರಕರಣ ಇಲ್ಲಿನ ಕೊರತೆಯನ್ನು ಬಯಲಿಗೆ ತಂದಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಕೀಲನ್ನು ಬಳಸಲಾಗಿತ್ತು. ಆ ರೋಗಿಗಳಲ್ಲಿ ಬಹಳ ಮಂದಿಯ ಜಾಡು ಸಿಗಲಿಲ್ಲ. ದೇಹದಿಂದ ಹೊರತೆಗೆದ ಕೀಲುಗಳ ಸವೆತವನ್ನು ಬೆಂಚಿನ ಮೇಲೆ ಅಳೆದಾಗ, ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ಹೊರಬೀಳುತ್ತಿದ್ದುದಕ್ಕೆ ನೇರ ಪುರಾವೆ ದೊರೆಯಿತು.

2015ರ ಜುಲೈ 6ರಂದು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗದಲ್ಲಿ ‘ಮೆಟೀರಿಯೊವಿಜಿಲೆನ್ಸ್’ ಕಾರ್ಯಕ್ರಮ ಆರಂಭವಾಯಿತು. ಸಾಧನಗಳಿಂದಾದ ಅಹಿತಕರ ಘಟನೆಗಳ ವರದಿಯನ್ನು ದೇಶದ ಎಲ್ಲೆಡೆಯಿಂದ ಸಂಗ್ರಹಿಸುವುದು ಅದರ ಉದ್ದೇಶ. ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣದ ವ್ಯಾಪ್ತಿಗೆ ಬಂದವು. ಪರವಾನಗಿ ಎ ಮತ್ತು ಬಿ ವರ್ಗಕ್ಕೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು.

ಗದಗ ಭಾಗದ ಪರಿಸರ

ಧಾರವಾಡದಿಂದ 1997ರಲ್ಲಿ ಬೇರ್ಪಟ್ಟ ಗದಗ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ (ಜಿಮ್ಸ್) ಸೇರಿದೆ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಸ್ಥಾಪಿಸಿದ, ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎನ್ನುವ ಸಿಎಸ್‌ಐ ಆಸ್ಪತ್ರೆಯಿದೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳಲ್ಲಿ ಸರ್ಕಾರಿ ಆಸ್ಪತ್ರೆಗಳೂ ಖಾಸಗಿ ನರ್ಸಿಂಗ್ ಹೋಮ್‌ಗಳೂ ಇವೆ. ಕೆಟ್ಟ ಯಂತ್ರ ಇಲ್ಲಿಂದ ಸಾಮಾನ್ಯವಾಗಿ ಮೊದಲು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯ ವಿತರಕರಿಗೆ, ಅಲ್ಲಿಂದ 400 ಕಿ.ಮೀ.ಗೂ ಆಚೆಯ ಬೆಂಗಳೂರಿಗೆ ಹೋಗುತ್ತದೆ. ಪ್ರತಿ ನಿಲ್ದಾಣದಲ್ಲೂ ಒಬ್ಬರು ಅದನ್ನು ‘ಒಮ್ಮೆ ನೋಡುತ್ತಾರೆ’. ಕವಚ ಬಿಚ್ಚಿ ಮುಚ್ಚಿದ್ದು, ಬ್ಯಾಟರಿ ಬದಲಿಸಿದ್ದು, ಸೆಟ್ಟಿಂಗ್ ಮರುಹೊಂದಿಸಿದ್ದು ಯಾವ ಕಾಗದದಲ್ಲೂ ಇರುವುದಿಲ್ಲ.

ತನಿಖೆಯಲ್ಲಿ ಸ್ಥಳೀಯ ಪರಿಸರಕ್ಕೆ ಹೆಚ್ಚಿನ ಮಹತ್ವವಿದೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ.; ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನ ಸಮೀಪ ಬರುತ್ತದೆ. ಗಾಳಿ ವಿದ್ಯುತ್ ಯಂತ್ರಗಳಿಗೆ ಹೆಸರಾದ ಕಪ್ಪತಗುಡ್ಡದ ಸುತ್ತ ಗಾಳಿ ಬಲವಾಗಿ ಬೀಸುತ್ತದೆ, ಒಣಗಿದ ಎರೆ ಹೊಲಗಳ ಧೂಳು ಅದರೊಂದಿಗೆ ಬರುತ್ತದೆ. ಯಂತ್ರದ ಫಿಲ್ಟರಿನಲ್ಲಿ ಸಿಕ್ಕ ಧೂಳನ್ನು ಮೊದಲೇ ಒರೆಸಿ ಬಿಟ್ಟರೆ, ಬಿಸಿಯಾಗಿ ನಿಂತ ಕಂಪ್ರೆಸರಿಗೆ ಕಾರಣ ಹುಡುಕುವುದು ಕಷ್ಟ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಮುಂಡರಗಿ, ಶಿರಹಟ್ಟಿ ಸೇರಿ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ. ಆದರೆ ಡಯಾಲಿಸಿಸ್‌ಗೆ ಬಳಸುವ ನೀರಿನಲ್ಲಿ ಅದು 0.2 ಮಿ.ಗ್ರಾಂ ಮೀರಬಾರದು, ಏಕೆಂದರೆ ಅಲ್ಲಿ ರೋಗಿಯ ರಕ್ತ ಒಂದು ತೆಳು ಪೊರೆಯ ಆಚೆಗೆ ನೇರವಾಗಿ ಆ ನೀರಿಗೆ ಎದುರಾಗುತ್ತದೆ. 1993ರ ಜುಲೈನಲ್ಲಿ ಶಿಕಾಗೊದ ಒಂದು ಡಯಾಲಿಸಿಸ್ ಘಟಕದಲ್ಲಿ ನೀರಿನ ಶುದ್ಧೀಕರಣದ ರಾಳ ಬಲಗುಂದಿ, ಹಿಡಿದಿಟ್ಟಿದ್ದ ಫ್ಲೋರೈಡನ್ನು ಒಮ್ಮೆಗೇ ಬಿಟ್ಟುಕೊಟ್ಟಿತು. 12 ರೋಗಿಗಳು ಅಸ್ವಸ್ಥರಾಗಿ ಮೂವರು ಸತ್ತರು. ದೋಷ ಇದ್ದದ್ದು ಡಯಾಲಿಸಿಸ್ ಯಂತ್ರದಲ್ಲಲ್ಲ, ಅದಕ್ಕೆ ನೀರು ಕೊಡುವ ವ್ಯವಸ್ಥೆಯಲ್ಲಿ. ಯಂತ್ರವನ್ನಷ್ಟೇ ಪ್ಯಾಕ್ ಮಾಡಿ ಕಳಿಸಿದ್ದರೆ ಬೆಂಚಿನ ಮೇಲೆ ಅದು ಸರಿಯಾಗಿಯೇ ಓಡುತ್ತಿತ್ತು. ಗಡಸು ನೀರು ಆಟೋಕ್ಲೇವ್‌ನ ಹೀಟರಿನ ಮೇಲೆ ಸುಣ್ಣದ ಪದರವಾಗಿ ಕೂರುವುದೂ ಇದೇ ಜಾತಿಯ ತೊಂದರೆ. ಅದರಲ್ಲಿ ಜೀವಹಾನಿಯ ಅಪಾಯ ಕಡಿಮೆ, ಸಂಭವ ಹೆಚ್ಚು.

ತನಿಖೆಯ ಕ್ರಮ

ದೂರು ಬಂದ ಕೂಡಲೇ ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಸಾಧನದ ಮಾಡೆಲ್, ಸೀರಿಯಲ್ ನಂಬರ್ ಅಥವಾ ಲಾಟ್ ನಂಬರ್, ಸಾಫ್ಟ್‌ವೇರ್ ಆವೃತ್ತಿ, ಘಟನೆ ನಡೆದ ದಿನ, ಆಗ ರೋಗಿಗೆ ಸಾಧನ ಜೋಡಿಸಿತ್ತೇ, ಹಾನಿಯಾಯಿತೇ ಎಂಬ ವಿವರಗಳನ್ನು ದಾಖಲಿಸಬೇಕು. ಸ್ಟಾಫ್ ನರ್ಸ್ ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆಯುವುದು ರೂಢಿ. ‘ಅಲಾರ್ಮ್ ಆಗಲಿಲ್ಲ’ ಎಂಬುದನ್ನು ಹೊಸ ತಂತ್ರಜ್ಞ ‘ಅಲಾರ್ಮ್ ದೋಷ’ ಎಂದು ತಿದ್ದಿದರೆ ತನಿಖೆ ಶುರುವಾಗುವ ಮೊದಲೇ ತೀರ್ಮಾನ ಬರೆದಂತಾಗುತ್ತದೆ. ಅಲಾರ್ಮನ್ನು ಯಾರೋ ಮ್ಯೂಟ್ ಮಾಡಿದ್ದಿರಬಹುದು.

ರಕ್ತ ಅಥವಾ ದೇಹದ್ರವ ತಗುಲಿರಬಹುದಾದ ಸಾಧನವನ್ನು ಸೋಂಕಿನ ವಸ್ತುವೆಂದೇ ಪರಿಗಣಿಸಿ ಕೈಗವಸು, ಮುಖಗವಸು ಧರಿಸಿ ಪ್ರತ್ಯೇಕ ಕೋಣೆಯಲ್ಲಿ ಬಿಚ್ಚಲಾಗುತ್ತದೆ. ಇಲ್ಲಿ ಒಂದು ಇಕ್ಕಟ್ಟಿದೆ. ಶುದ್ಧಗೊಳಿಸದೆ ಮುಟ್ಟುವಂತಿಲ್ಲ, ಶುದ್ಧಗೊಳಿಸಿದರೆ ಸಾಕ್ಷ್ಯ ಹೋಗಬಹುದು. ಹೈಪೊಕ್ಲೋರೈಟ್ ದ್ರಾವಣ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಆಲ್ಕೊಹಾಲ್ ಕೆಲವು ಪ್ಲಾಸ್ಟಿಕ್ಕುಗಳಲ್ಲಿ ಬಿರುಕು ಮೂಡಿಸುತ್ತದೆ, ಆಟೋಕ್ಲೇವ್‌ನ ಬಿಸಿ ಬ್ಯಾಟರಿಯನ್ನೂ ಬೋರ್ಡನ್ನೂ ಕೆಡಿಸುತ್ತದೆ. ಆದ್ದರಿಂದ ಮೊದಲು ಎಲ್ಲ ಮಗ್ಗುಲಿನಿಂದ ಫೋಟೊ ತೆಗೆದು, ಆಮೇಲೆ ಆ ಸಾಧನಕ್ಕೆ ಹೊಂದುವ ವಿಧಾನದಿಂದ ಶುದ್ಧಗೊಳಿಸಿ, ಬಳಸಿದ ರಾಸಾಯನಿಕದ ಹೆಸರನ್ನು ದಾಖಲಿಸುತ್ತಾರೆ. ಪ್ಯಾಕಿಂಗ್ ಡಬ್ಬಿಯನ್ನೂ ಎಸೆಯುವಂತಿಲ್ಲ. ಜಜ್ಜಿದ ಮೂಲೆ, ನೀರಿನ ಕಲೆ, ಹರಿದ ಸೀಲು ಸಾಗಣೆಯ ಕಥೆಯನ್ನು ಹೇಳುತ್ತವೆ. ಸಾಧನ ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತು ಎಂಬ ಹಸ್ತಾಂತರದ ಪಟ್ಟಿ ಕಡತದ ಜೊತೆಗಿರಬೇಕು.

ಪರೀಕ್ಷೆ ಹಾನಿಯಿಲ್ಲದ್ದರಿಂದ ಹಾನಿ ಮಾಡುವುದರ ಕಡೆಗೆ ಸಾಗುತ್ತದೆ. ಈ ಅನುಕ್ರಮವನ್ನು ತಪ್ಪಿಸಿದರೆ ಹಿಂದಿರುಗಲು ದಾರಿಯಿಲ್ಲ. ಮೊದಲು ಬರಿಗಣ್ಣಿನಿಂದ, ನಂತರ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ಬಿರುಕು, ಬಣ್ಣಗೆಟ್ಟ ಜಾಗ, ತುಕ್ಕು, ದ್ರವ ಒಳನುಗ್ಗಿದ ಗುರುತು ಹುಡುಕುತ್ತಾರೆ. ಯಂತ್ರದ ನೆನಪಿನಲ್ಲಿರುವ ಘಟನೆಗಳ ಲಾಗ್ ಫೈಲನ್ನು, ಪರೀಕ್ಷೆಗೆಂದು ಯಂತ್ರ ಓಡಿಸುವ ಮುನ್ನವೇ ಇಳಿಸಿಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಹೊಸ ದಾಖಲೆ ಹಳೆಯದರ ಮೇಲೆಯೇ ಬರೆದುಕೊಳ್ಳುತ್ತದೆ.

ಆಮೇಲೆ ವಿದ್ಯುತ್ ಸುರಕ್ಷತೆಯ ಪರೀಕ್ಷೆ. ಐಇಸಿ 60601-1 ಮಾನಕದ ಪ್ರಕಾರ ಹೃದಯಕ್ಕೆ ನೇರ ಸಂಪರ್ಕವಿರುವ ಭಾಗದಿಂದ ರೋಗಿಗೆ ಸೋರುವ ವಿದ್ಯುತ್ ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೊಆಂಪಿಯರ್ ಮೀರಬಾರದು. ದೇಹದ ಇತರೆಡೆಗೆ ತಾಗುವ ಭಾಗಗಳಿಗೆ ಮಿತಿ 100 ಮೈಕ್ರೊಆಂಪಿಯರ್. ಬೆಂಚಿನಲ್ಲಿ ಸರಿಯಿದ್ದ ಯಂತ್ರ ಆಸ್ಪತ್ರೆಯಲ್ಲಿ ತೊಂದರೆ ಕೊಟ್ಟಿದ್ದರೆ ಅಲ್ಲಿನ ಅರ್ಥಿಂಗ್, ಸ್ಟೆಬಿಲೈಸರ್, ಯುಪಿಎಸ್ ಬಗ್ಗೆ ಕೇಳಬೇಕಾಗುತ್ತದೆ.

ಕಾರ್ಯಪರೀಕ್ಷೆಯಲ್ಲಿ ರೋಗಿಯ ಬದಲು ಸಿಮ್ಯುಲೇಟರುಗಳಿರುತ್ತವೆ. ಇನ್‌ಫ್ಯೂಷನ್ ಪಂಪಿನ ಹರಿವನ್ನು ಗಂಟೆಗಟ್ಟಲೆ ಅಳೆಯುತ್ತಾರೆ, ಇಸಿಜಿ ಯಂತ್ರಕ್ಕೆ ಕೃತಕ ಸಂಕೇತ ಕೊಡುತ್ತಾರೆ, ರಕ್ತದೊತ್ತಡ ಮಾಪಕಕ್ಕೆ ಗೊತ್ತಿರುವ ಒತ್ತಡ ಹಾಕಿ ನೋಡುತ್ತಾರೆ. ದೂರಿನಲ್ಲಿ ಹೇಳಿದ ಸ್ಥಿತಿಯನ್ನು ಮತ್ತೆ ಉಂಟುಮಾಡುವುದೇ ಗುರಿ. ಭಾಗವನ್ನು ಕತ್ತರಿಸುವುದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಳಿಸುವುದು ಮೊದಲಾದವನ್ನು ಆರಂಭಿಕ ಹಂತದ ತಂತ್ರಜ್ಞ ತಾನೇ ನಿರ್ಧರಿಸುವಂತಿಲ್ಲ. ಅದಕ್ಕೆ ಹಿರಿಯರ ಲಿಖಿತ ಒಪ್ಪಿಗೆ ಬೇಕು.

ಸಾಮಾನ್ಯ ಸಾಧನಗಳು, ಸಾಮಾನ್ಯ ದೋಷಗಳು

ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ, 2021ರಲ್ಲಿ, ಆಕ್ಸಿಜನ್ ಕಾನ್ಸಂಟ್ರೇಟರ್ ಸಣ್ಣ ಊರುಗಳಿಗೂ ಮನೆಗಳಿಗೂ ಬಂದಿತು. ಇದು ಕೋಣೆಯ ಗಾಳಿಯನ್ನು ಒತ್ತಿ ಜಿಯೊಲೈಟ್ ಕಾಳುಗಳ ಮೂಲಕ ಹಾಯಿಸುತ್ತದೆ. ನೈಟ್ರೋಜನ್ ಅಲ್ಲಿ ಅಂಟಿಕೊಂಡು, ಸುಮಾರು ಶೇ 90ರಿಂದ 96ರಷ್ಟು ಶುದ್ಧತೆಯ ಆಕ್ಸಿಜನ್ ಹೊರಬರುತ್ತದೆ. ಜಿಯೊಲೈಟ್ ತೇವವನ್ನೂ ಹೀರುತ್ತದೆ, ಹೀರಿದ ಮೇಲೆ ನೈಟ್ರೋಜನ್ ಹಿಡಿಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಯಂತ್ರ, ಬಳಸಿ ಸವೆದ ಯಂತ್ರಕ್ಕಿಂತ ಕೆಟ್ಟ ಸ್ಥಿತಿಯಲ್ಲಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ: ಮೋಟಾರು ಸದ್ದು ಮಾಡುತ್ತದೆ, ಗಾಳಿ ಬರುತ್ತದೆ, ಆಕ್ಸಿಜನ್ ಮಾತ್ರ ಸಾಲದು. ಆಕ್ಸಿಜನ್ ಅನಲೈಸರಿನಿಂದ, ನಮೂದಿಸಿದ ಪೂರ್ಣ ಹರಿವಿನಲ್ಲಿ ಅಳೆದರೆ ಮಾತ್ರ ತಿಳಿಯುತ್ತದೆ.

ಗ್ಲುಕೋಮೀಟರಿನ ದೂರುಗಳಲ್ಲಿ ಮೀಟರಿಗಿಂತ ಪಟ್ಟಿಯ ಮೇಲೆ ಗಮನ ಹೆಚ್ಚು. ಪಟ್ಟಿಯ ಮೇಲಿನ ಕಿಣ್ವಕ್ಕೆ ಬಿಸಿ ಮತ್ತು ತೇವ ಆಗದು. ಬಹುತೇಕ ಪಟ್ಟಿಗಳನ್ನು 30 ಡಿಗ್ರಿಯ ಒಳಗೆ ಇಡಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಐಎಸ್‌ಒ 15197ರ 2013ರ ಆವೃತ್ತಿಯಂತೆ, ಸಕ್ಕರೆ ಡೆಸಿಲೀಟರಿಗೆ 100 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದಾಗ ನೂರರಲ್ಲಿ 95 ಅಳತೆಗಳು ಪ್ರಯೋಗಾಲಯದ ಮೌಲ್ಯದಿಂದ ಶೇ 15ರ ಒಳಗಿರಬೇಕು. ಅಂದರೆ ಲ್ಯಾಬಿನಲ್ಲಿ 200 ತೋರಿಸಿದ್ದು ಮೀಟರಿನಲ್ಲಿ 225 ತೋರಿಸಿದರೆ ಅದು ದೋಷವಲ್ಲ. ಇದನ್ನು ದೂರು ಕೊಟ್ಟವರಿಗೆ ವಿವರಿಸುವುದೂ ತನಿಖೆಯ ಭಾಗವೇ.

ಡಿಜಿಟಲ್ ಬಿ.ಪಿ. ಮಾಪಕದಲ್ಲಿ ತೋಳಿನ ಗಾತ್ರಕ್ಕೆ ಹೊಂದದ ಕಫ್, ಸೋರುವ ರಬ್ಬರ್ ನಳಿಕೆ, ಇಳಿದ ಬ್ಯಾಟರಿ ಪದೇ ಪದೇ ಕಾಣುತ್ತವೆ. ಇನ್‌ಫ್ಯೂಷನ್ ಪಂಪಿನಲ್ಲಿ ಚೆಲ್ಲಿದ ಡೆಕ್ಸ್‌ಟ್ರೋಸ್ ಒಣಗಿ ಸಂವೇದಕಕ್ಕೆ ಅಂಟುತ್ತದೆ. ಪಲ್ಸ್ ಆಕ್ಸಿಮೀಟರಿನಲ್ಲಿ ಮಡಚಿ ಎಳೆದ ಕೇಬಲ್ ತುಂಡಾಗಿರುತ್ತದೆ. ಪರಿಸರದ ಪ್ರಭಾವ ವಿನ್ಯಾಸದ ದೋಷವನ್ನು ಬಯಲಿಗೆಳೆದ ಉದಾಹರಣೆಯೂ ಇದೆ: 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಉಸಿರಾಟದ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಪಾಲಿಯುರಿಥೇನ್ ಫೋಮ್ ಪುಡಿಯಾಗಿ ಗಾಳಿಯ ಹಾದಿಗೆ ಬೀಳಬಹುದೆಂಬುದು ಕಾರಣ. ಶಾಖ ಮತ್ತು ತೇವ, ಹಾಗೂ ಓಜೋನ್‌ನಿಂದ ಯಂತ್ರ ಶುಚಿಮಾಡುವ ಅಭ್ಯಾಸ ಆ ಸವೆತವನ್ನು ಹೆಚ್ಚಿಸಬಲ್ಲವು ಎಂದು ಕಂಪನಿ ತಿಳಿಸಿತು.

ತೀರ್ಮಾನ ಮತ್ತು ವರದಿ

ಮೂಲ ಕಾರಣ ಹುಡುಕಲು ‘ಏಕೆ’ ಎಂದು ಐದು ಬಾರಿ ಕೇಳುವ ಕ್ರಮ, ಮೀನಿನ ಮುಳ್ಳಿನ ಆಕಾರದ ಇಶಿಕಾವಾ ನಕ್ಷೆ, ದೋಷವೃಕ್ಷ ಬಳಕೆಯಲ್ಲಿವೆ. ತಯಾರಿಕೆ, ವಿನ್ಯಾಸ, ಸಾಗಣೆ, ಬಳಕೆ, ನಿರ್ವಹಣೆ, ಪರಿಸರ ಎಂಬ ಬಗೆಗಳಲ್ಲಿ ಕಾರಣವನ್ನು ಗುರುತಿಸಲಾಗುತ್ತದೆ. ‘ಬಳಕೆದಾರರ ತಪ್ಪು’ ಎಂದು ಬರೆದು ಕಡತ ಮುಚ್ಚುವುದು ಸುಲಭ, ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅದೇ ತಪ್ಪು ಹಲವು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೆ ಗುಂಡಿಯ ಜಾಗ, ಸೂಚನಾ ಹಾಳೆಯ ಭಾಷೆ, ತರಬೇತಿ ಇವುಗಳಲ್ಲಿ ದೋಷ ಹುಡುಕಬೇಕಾಗುತ್ತದೆ. ಸೂಚನೆ ಇಂಗ್ಲಿಷಿನಲ್ಲಷ್ಟೇ ಇರುವ ಸಾಧನ ಕನ್ನಡವಷ್ಟೇ ಓದುವ ಮನೆಗೆ ಹೋದಾಗ ಈ ಪ್ರಶ್ನೆ ಎದ್ದೇ ಏಳುತ್ತದೆ.

ದೇಶದೇಶಗಳ ನಡುವೆ ಹೋಲಿಸಲು ಅನುಕೂಲವಾಗಲೆಂದು ಐಎಂಡಿಆರ್‌ಎಫ್ ಎಂಬ ನಿಯಂತ್ರಕರ ವೇದಿಕೆ ಸಂಕೇತಗಳ ಕೋಷ್ಟಕ ರೂಪಿಸಿದೆ. ಸಾಧನದ ತೊಂದರೆ, ತನಿಖೆಯ ವಿಧಾನ, ಕಂಡದ್ದು, ತೀರ್ಮಾನ, ರೋಗಿಯ ಮೇಲಾದ ಪರಿಣಾಮ, ಕೆಟ್ಟ ಭಾಗ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಸಂಕೇತಗಳಿವೆ. ಕಡತಕ್ಕೆ ಇವನ್ನು ಹಾಕುವ ಕೆಲಸ ಬಹುಪಾಲು ಹೊಸಬರದೇ. ‘ದೋಷ ಕಂಡುಬಂದಿಲ್ಲ’ ಎಂಬುದೂ ಒಂದು ಮಾನ್ಯ ತೀರ್ಮಾನ. ಆದರೆ ಬೆಂಚಿನಲ್ಲಿ ಕಾಣಲಿಲ್ಲ ಎಂದರೆ ವಾರ್ಡಿನಲ್ಲಿ ಇರಲಿಲ್ಲ ಎಂದಾಗುವುದಿಲ್ಲ.

ಭಾರತದ ನಿಯಮದಂತೆ ಅನಿರೀಕ್ಷಿತ ಗಂಭೀರ ಘಟನೆಯ ಶಂಕೆಯಿದ್ದರೆ ಪರವಾನಗಿದಾರರು 15 ದಿನಗಳ ಒಳಗೆ ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಬೇಕು. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯ ಪ್ರಾಧಿಕಾರ, ಸಿ ಮತ್ತು ಡಿ ವರ್ಗಕ್ಕೂ ಎಲ್ಲ ಆಮದಿಗೂ ಕೇಂದ್ರ ಪ್ರಾಧಿಕಾರ. ಸಾಮಾನ್ಯ ಜನರೂ ವೈದ್ಯರೂ ನರ್ಸ್‌ಗಳೂ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ನೇರವಾಗಿ ವರದಿ ಕೊಡಬಹುದು. ಉಚಿತ ಸಹಾಯವಾಣಿ 1800-180-3024.

ವಿದ್ಯಾರ್ಹತೆ

ಐಟಿಐಯ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ವೃತ್ತಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಎಲೆಕ್ಟ್ರಾನಿಕ್ಸ್ ಅಥವಾ ಬಯೋಮೆಡಿಕಲ್ ಬಿ.ಇ. ಈ ಕೆಲಸಕ್ಕೆ ಸಾಮಾನ್ಯ ದಾರಿಗಳು. ಗದಗಿನ ತೋಂಟದಾರ್ಯ, ಹುಲಕೋಟಿಯ ಗ್ರಾಮೀಣ ಮತ್ತು ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳು ಈ ಪ್ರದೇಶದಲ್ಲಿವೆ. ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಪ್ರತ್ಯೇಕ ವಿಭಾಗ ಬೇಕೆಂದರೆ ಬೆಂಗಳೂರಿನ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್‌ನಂಥ ಕಾಲೇಜುಗಳ ಕಡೆ ನೋಡಬೇಕಾಗುತ್ತದೆ. ಮಲ್ಟಿಮೀಟರ್ ಹಿಡಿಯುವ ಕೈಗಿಂತ ವಾಕ್ಯ ಬರೆಯುವ ಕೈ ಇಲ್ಲಿ ಅಪರೂಪ: ಕಂಡದ್ದನ್ನು, ಊಹಿಸಿದ್ದನ್ನು ಬೇರೆ ಬೇರೆಯಾಗಿ, ದಿನಾಂಕ ಹಾಕಿ, ತಪ್ಪನ್ನು ಉಜ್ಜಿ ಅಳಿಸದೆ ಒಂದೇ ಗೆರೆಯಿಂದ ಹೊಡೆದು ಸಹಿ ಹಾಕಿ ಬರೆಯುವ ಅಭ್ಯಾಸವನ್ನು ಕಾಲೇಜಿನ ಪ್ರಯೋಗಾಲಯ ಸಾಮಾನ್ಯವಾಗಿ ಕಲಿಸುವುದಿಲ್ಲ.

ಈಗಿನ ಸ್ಥಿತಿ

ರಾಜ್ಯದ ಸಾಧನ ಉದ್ಯಮ ಬೆಂಗಳೂರು ಮತ್ತು ಮೈಸೂರಿನಲ್ಲಿ ಕೇಂದ್ರೀಕೃತವಾಗಿದೆ. ಬೆಂಗಳೂರಿನಲ್ಲಿ ವಿಪ್ರೊ ಜಿಇ, ಬಿಪಿಎಲ್ ಮೆಡಿಕಲ್ ಟೆಕ್ನಾಲಜೀಸ್, ಮೈಸೂರಿನಲ್ಲಿ ಸ್ಕ್ಯಾನ್‌ರೇ ಇವೆ. 2020ರಲ್ಲಿ ಸ್ಕ್ಯಾನ್‌ರೇ ವಿನ್ಯಾಸದ 30,000 ವೆಂಟಿಲೇಟರ್‌ಗಳ ತಯಾರಿಕೆಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ಕೈಗೊಂಡಿತು. ಅಮೆರಿಕಕ್ಕೆ ರಫ್ತು ಮಾಡುವ ಕಂಪನಿಗಳ ದೂರಿನ ಕಡತಗಳಿಗೆ 2026ರ ಫೆಬ್ರವರಿ 2ರಿಂದ, ಐಎಸ್‌ಒ 13485ಕ್ಕೆ ಹೊಂದಿಸಿದ ಅಲ್ಲಿನ ಹೊಸ ಗುಣಮಟ್ಟ ನಿಯಮ ಅನ್ವಯಿಸುತ್ತದೆ.

ಸರ್ಕಾರಿ ಆಸ್ಪತ್ರೆಗಳ ವಿಷಯದಲ್ಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿ 2015ರಲ್ಲಿ ಆರಂಭವಾದ ಉಪಕರಣ ನಿರ್ವಹಣಾ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳ ಯಂತ್ರಗಳು ಶೇ 95ರಷ್ಟು ಕಾಲ, ಸಮುದಾಯ ಆರೋಗ್ಯ ಕೇಂದ್ರಗಳವು ಶೇ 90ರಷ್ಟು, ಪ್ರಾಥಮಿಕ ಕೇಂದ್ರಗಳವು ಶೇ 80ರಷ್ಟು ಕಾಲ ಓಡುತ್ತಿರಬೇಕೆಂಬ ಗುರಿ ಇಟ್ಟಿದೆ. ಈ ಅಳತೆ ಯಂತ್ರ ಎಷ್ಟು ಬೇಗ ಮತ್ತೆ ಓಡಿತು ಎಂಬುದನ್ನು ಲೆಕ್ಕಿಸುತ್ತದೆ, ಏಕೆ ನಿಂತಿತು ಎಂಬುದನ್ನಲ್ಲ. ದುರಸ್ತಿಗೆ ಮೀರಿದ ಯಂತ್ರ ಕಂಡೆಮ್ ಆಗಿ ಉಗ್ರಾಣ ಸೇರಿ, ಮುಂದೆ ಹರಾಜಿಗೆ ಹೋಗುತ್ತದೆ, ತಯಾರಕರಿಗೆ ಹಿಂತಿರುಗುವುದಿಲ್ಲ. ಇಂಥ ಯಂತ್ರಗಳ ವಿವರ ಮೆಟೀರಿಯೊವಿಜಿಲೆನ್ಸ್‌ಗೆ ತಲುಪಲು ಉಳಿದಿರುವ ದಾರಿ ವಾರ್ಡಿನವರೇ ತುಂಬುವ ವರದಿ. 2024ರಲ್ಲಿ ಫಾರ್ಮಕೋಪಿಯ ಆಯೋಗ ಎಡಿಆರ್‌ಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ತೆರೆದ ಮೇಲೆ ಮುಂಡರಗಿಯ ಆಸ್ಪತ್ರೆಯಿಂದಲೂ ಅದನ್ನು ನೇರವಾಗಿ ಸಲ್ಲಿಸಬಹುದು.